ಅಮಾನತು

ಉರ್ದು ಶಾಲೆಯಲ್ಲಿ ನಾವು ಕಲಿತ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಅದೇ ಪದ ಕನ್ನಡದ ಕಚೇರಿಗೆ ಬಂದು ನೌಕರನನ್ನು ಕೆಲಸದಿಂದ ದೂರವಿಡುವ ಆದೇಶವಾಯಿತು. ಹಾಗಾದರೆ ನಮ್ಮ ಮತ ಯಾವ ಅಮಾನತು?

2019ರ ಜುಲೈಯಲ್ಲಿ ಆಡಳಿತ ಪಕ್ಷಗಳ ಶಾಸಕರು ತಿರುಗಿಬಿದ್ದರು. ಯಲಹಂಕದ ಬಳಿಯ ರೆಸಾರ್ಟಿನಲ್ಲಿ ಬಿಜೆಪಿ ಶಾಸಕರು ಕಾದು ಕುಳಿತರು. 23ರಂದು 99–105ರ ಎಣಿಕೆಯಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಹಿಂದಿನ ವರ್ಷ ‘ಕೈ’ಗೆ ಒತ್ತಿ ಎಸ್.ಟಿ. ಸೋಮಶೇಖರ್ ಅವರನ್ನು ಕಳಿಸಿದ್ದ ಯಶವಂತಪುರ ಕ್ಷೇತ್ರ, ಡಿಸೆಂಬರ್ 5ರಂದು ‘ಕಮಲ’ಕ್ಕೆ ಒತ್ತಿ ಅವರನ್ನೇ ಗೆಲ್ಲಿಸಿತು. 2025ರಲ್ಲಿ ಆ ಪಕ್ಷವೂ ಅವರನ್ನು ಉಚ್ಚಾಟಿಸಿತು, ಅದು ಬೇರೆ ಮಾತು.

ಫ್ರಾನ್ಸಿನ ಕ್ರಾಂತಿಯಲ್ಲಿ ಫೂಶೆ ಎಂಬವನಿದ್ದ. 1793ರಲ್ಲಿ ದೊರೆಯ ಮರಣದಂಡನೆಗೆ ಮತ ಹಾಕಿದ, ನೆಪೋಲಿಯನ್ನನಿಗೆ ಪೊಲೀಸ್ ಮಂತ್ರಿಯಾದ, 1815ರಲ್ಲಿ ಸತ್ತ ದೊರೆಯ ತಮ್ಮನಿಗೂ ಮಂತ್ರಿಯಾದ. ಅವನನ್ನು ಬೈಯುವುದು ಸುಲಭ. ಆದರೆ ಅವನನ್ನು ಮರಳಿ ಕೂರಿಸಿದವರು ಅರಸರು. ಇಲ್ಲಿ ಕೂರಿಸಿದವರು ನಾವು.

ಒಪ್ಪಿಸಿದವನೇ ‘ಹೋಗಲಿ ಬಿಡಿ’ ಎಂದರೆ ಅಮಾನತಿನಲ್ಲಿ ಖಯಾನತ್ ಆಯಿತೆನ್ನಲು ಬರುತ್ತದೆಯೇ? ಒಪ್ಪದೆ ಸೋತ ಮತದಾರನ ಪಾಲು ಯಾರ ಬಳಿ ಉಳಿಯಿತು? ನಮಗೆ ಉತ್ತರ ಹೊಳೆಯದು. ಆರ್.ಟಿ. ನಗರದ ಚಹಾ ಅಂಗಡಿಯಲ್ಲಿ ಪಕ್ಷಾಂತರಿಗಳನ್ನು ಶಪಿಸುವ ನಾವು, ಬೀದಿಯ ಮೋರಿ ಕಟ್ಟಿಕೊಂಡ ದಿನ ಮೊದಲು ಕೇಳುವುದು, ‘ನಮ್ಮ ಎಂಎಲ್ಎ ಸರ್ಕಾರದ ಕಡೆ ಇದ್ದಾರೋ ಇಲ್ಲವೋ?’