ಜೀರ್ಣೋದ್ಧಾರವೂ ಸತ್ಯವೂ

ನನ್ನ ಸ್ನೇಹಿತರೊಬ್ಬರ ಮನೆಯ ಹಜಾರದ ಮೂಲೆಯಲ್ಲಿ ಅವರ ತಂದೆಯವರ ಕಾಲದ ಒಂದು ಜಾವಾ ಮೋಟಾರು ಸೈಕಲ್ಲು ನಿಂತಿದೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಮೊದಲು ಹೊರಬಂದ ಗಾಡಿಗಳಲ್ಲಿ ಅದೂ ಒಂದು. ತಂದೆಯವರು ಗತಿಸಿದ ಮೇಲೆ ಎರಡು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಈಚೆಗೆ ಅದನ್ನು ಮತ್ತೆ ಓಡಿಸಬೇಕೆಂದು ಮನಸ್ಸುಮಾಡಿ ನೋಡಲಾಗಿ, ಪಕ್ಕದ ಮುಚ್ಚಳದೊಳಗಿನ ಆರು ವೋಲ್ಟಿನ ಬ್ಯಾಟರಿಯು ನಿರ್ಜೀವವಾಗಿದ್ದಿತು. ದುರಸ್ತಿಯವನು ಮೂರು ದಾರಿಗಳನ್ನು ಹೇಳಿದನು. ಹಳೆಯದನ್ನೇ ಬದುಕಿಸಲು ಯತ್ನಿಸಬಹುದು. ಹೊಸದನ್ನು ತಂದು ಹಾಕಬಹುದು. ಇಲ್ಲವೆ, ಹಳೆಯ ಕರಿಯ ಪೆಟ್ಟಿಗೆಯ ಒಳಗನ್ನೆಲ್ಲ ತೋಡಿ ತೆಗೆದು, ಇಂದಿನ ಚಿಕ್ಕ ಬ್ಯಾಟರಿಯೊಂದನ್ನು ಅದರೊಳಗೆ ಅಡಗಿಸಿ, ನೋಡುವವರ ಕಣ್ಣಿಗೆ ಎಲ್ಲವೂ ಮೊದಲಿನಂತೆಯೇ ಕಾಣುವ ಹಾಗೆ ಮಾಡಬಹುದು. ಸ್ನೇಹಿತರು ನನ್ನ ಬಳಿಗೆ ಬಂದು, “ಈ ಮೂರರಲ್ಲಿ ನಮ್ಮ ತಂದೆಯವರಿಗೆ ನ್ಯಾಯವಾದುದು ಯಾವುದು?” ಎಂದು ಕೇಳಿದರು. ಯಂತ್ರವಿದ್ಯೆಯಲ್ಲಿ ನನಗಿರುವ ಪರಿಚಯ ಅಲ್ಪ. ಆದರೆ ಪ್ರಶ್ನೆ ಯಂತ್ರವಿದ್ಯೆಯದಾಗಿರಲಿಲ್ಲ.

ಬದುಕಿಸುವುದೆಂದರೇನೆಂಬುದನ್ನು ಮೊದಲು ತಿಳಿಯಬೇಕು. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬವನು 1859ರಲ್ಲಿ ಕಂಡುಹಿಡಿದ ಸೀಸದ ಬ್ಯಾಟರಿಯ ತತ್ತ್ವವು ಇಂದಿಗೂ ಬದಲಾಗಿಲ್ಲ. ನೀರು ಬೆರೆತ ಗಂಧಕಾಮ್ಲದಲ್ಲಿ ಸೀಸದ ಫಲಕಗಳೂ ಸೀಸದ ಡಯಾಕ್ಸೈಡಿನ ಫಲಕಗಳೂ ಮುಳುಗಿ ನಿಂತಿರುತ್ತವೆ. ಇಂಥ ಒಂದು ಕೋಶದಿಂದ ದೊರೆಯುವುದು ಸುಮಾರು 2 ವೋಲ್ಟು. ಮೂರು ಕೋಶ ಸೇರಿದರೆ 6. ವಿದ್ಯುತ್ತು ವ್ಯಯವಾದಂತೆಲ್ಲ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಮೂಡಿ ಆಮ್ಲವು ತೆಳುವಾಗುತ್ತದೆ. ಪ್ರವಾಹವನ್ನು ತಿರುಗಿ ಊಡಿದರೆ ಎಲ್ಲವೂ ಪೂರ್ವಸ್ಥಿತಿಗೆ ಬರುತ್ತದೆ. ಆದರೆ ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಟ್ಟಿಯಾದ ಹರಳುಗಟ್ಟಿ ಕರಗಲೊಲ್ಲದು. ಅಲಕ್ಷ್ಯವು ಕೆಲವು ವಾರಗಳದಾಗಿದ್ದರೆ, ಬಟ್ಟಿಯಿಳಿಸಿದ ನೀರನ್ನು ತುಂಬಿ, ಮಂದವಾದ ಪ್ರವಾಹವನ್ನು ದೀರ್ಘಕಾಲ ಊಡಿ, ಬಹುಮಟ್ಟಿಗೆ ಚೇತರಿಸಿಕೊಳ್ಳುವಂತೆ ಮಾಡಬಹುದು. ಫಲಕದ ಸಾರವೇ ಉದುರಿ ತಳದಲ್ಲಿ ಕೆಸರಾಗಿ ನಿಂತಿದ್ದರೆ ಯಾವ ಔಷಧವೂ ಇಲ್ಲ. ಸ್ನೇಹಿತರು ಎರಡು ದಿನ ಚಾರ್ಜಿಗೆ ಇಟ್ಟು ನೋಡಿದರು. ಮಾಪಕವು 4 ವೋಲ್ಟಿಗೆ ಬಂದು ನಿಂತಿತು. ಎಂದರೆ ಮೂರರಲ್ಲಿ ಒಂದು ಕೋಶ ಸತ್ತೇ ಹೋಗಿದ್ದಿತು. ಆದರೂ ಇನ್ನೂ ಎರಡು ದಿನ ಇಟ್ಟರು. ಅದನ್ನು ಕಂಡು ನಗಲು ನನಗೆ ಮನಸ್ಸು ಬರಲಿಲ್ಲ. ಪ್ರತಿ ತಿಂಗಳ ಮೊದಲನೆಯ ಭಾನುವಾರ ತಂದೆಯವರು ಅದಕ್ಕೆ ನೀರೆರೆಯುತ್ತಿದ್ದುದನ್ನು ನಾನೂ ಬಲ್ಲೆ.

ಇಲ್ಲಿ ಒಂದು ಸಂಗತಿ ಬೆಳಕಿಗೆ ಬಂದಿತು. ಗಾಡಿಯ ಲೆಕ್ಕದ ಪುಸ್ತಕವನ್ನು ತಿರುವಿಹಾಕಿದಾಗ ತಂದೆಯವರು ತಮ್ಮ ಕಾಲದಲ್ಲಿ ಹದಿನಾಲ್ಕು ಸಲ ಬ್ಯಾಟರಿಯನ್ನು ಬದಲಾಯಿಸಿದ್ದುದು ಕಂಡಿತು. ಪ್ರತಿಯೊಂದು ಸಲವೂ ತಾರೀಖು, ಬೆಲೆ, ಕೊನೆಯಲ್ಲಿ “ಹಳೆಯದನ್ನು ಕೊಟ್ಟಿದೆ” ಎಂಬ ಒಂದು ಮಾತು. ಮಗನು ಯಾವುದನ್ನು ಪಿತೃಸ್ಮಾರಕವೆಂದು ಕಾಪಾಡಹೊರಟಿದ್ದನೋ ಅದನ್ನು ತಂದೆಯು ಹದಿನಾಲ್ಕು ಸಲ ನಿಶ್ಚಿಂತೆಯಿಂದ ಅಂಗಡಿಯವನ ಕೈಗೆ ಕೊಟ್ಟಿದ್ದನು! ಸವೆಯಲೆಂದೇ ಮಾಡಿದ ವಸ್ತುಗಳು ಕೆಲವುಂಟು: ದೀಪದ ಬತ್ತಿ, ಗಾಡಿಯ ಟಯರು, ಬ್ಯಾಟರಿ. ಇವುಗಳ ವಿಷಯದಲ್ಲಿ ‘ಮೂಲದ್ದು’ ಎಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ.

ಆದರೆ ಮೂರನೆಯ ದಾರಿಯು ಅಷ್ಟು ಸುಲಭವಾಗಿ ಬಿಡುವುದಲ್ಲ. ಹಳೆಯ ಪೆಟ್ಟಿಗೆಯಲ್ಲಿ ಹೊಸ ಬ್ಯಾಟರಿಯನ್ನಿಡುವುದು ಅಸತ್ಯವೇ? ನಮ್ಮ ದೇವಾಲಯಗಳಲ್ಲಿ ಜೀರ್ಣೋದ್ಧಾರವೆಂಬ ಕರ್ಮವುಂಟು. ಮೂರ್ತಿಯು ಭಿನ್ನವಾದರೆ ಅದರ ಕಲೆಯನ್ನು ಕಲಶದ ನೀರಿಗೆ ಆವಾಹಿಸಿ, ಹೊಸ ಮೂರ್ತಿಯನ್ನು ಸ್ಥಾಪಿಸಿ, ಹಳೆಯದನ್ನು ನೀರಿನಲ್ಲಿ ವಿಸರ್ಜಿಸುತ್ತಾರೆ. ಊರಿನವರೆಲ್ಲ ನೆರೆದು ನೋಡುತ್ತಿರುವಾಗಲೇ ಇದು ನಡೆಯುತ್ತದೆ. ಹೊಸತನ್ನು ಹಳೆಯದೆಂದು ಯಾರೂ ನಂಬಿಸುವುದಿಲ್ಲ. ಪೆಟ್ಟಿಗೆಯ ಉಪಾಯದಲ್ಲಿಯೂ ದೋಷವು ಅಡಗಿಸುವುದರಲ್ಲಿಲ್ಲ, ಕೇಳಿದಾಗ ಹೇಳದಿರುವುದರಲ್ಲಿದೆ ಎಂದು ನಾನು ಮೊದಲು ತೀರ್ಮಾನಿಸಿದೆನು. ಗಾಡಿಯನ್ನು ಕೊಳ್ಳಬಂದವನಿಗೆ ಮುಚ್ಚಳ ತೆಗೆದು ತೋರಿಸಿದರೆ ಅಲ್ಲಿಗೆ ಮುಗಿಯಿತು. ಸ್ನೇಹಿತರಿಗೂ ಇದು ಒಪ್ಪಿಗೆಯಾಯಿತು.

ಮಾರನೆಯ ದಿನ ಇಬ್ಬರೂ ಆ ದುರಸ್ತಿಯವನಲ್ಲಿಗೆ ಹೋದೆವು. ಹಿತ್ತಲಿನಲ್ಲಿ ಹದಿನೈದು ಹದಿನಾರು ವಯಸ್ಸಿನ ಹುಡುಗನೊಬ್ಬನು ಬೇರಾವುದೋ ಪೆಟ್ಟಿಗೆಯನ್ನು ತೋಡುತ್ತ ಕುಳಿತಿದ್ದನು. ಆಮ್ಲವನ್ನು ಚರಂಡಿಗೆ ಸುರಿದಾಗಿದ್ದಿತು. ಉಳಿಯಿಂದ ಫಲಕಗಳನ್ನು ಕಿತ್ತು ಗೋಣಿಯ ಮೇಲೆ ಬಡಿಯುತ್ತಿದ್ದನು. ಬೂದುಬಣ್ಣದ ಧೂಳು ಅವನ ಕೈಗೂ ತುಟಿಗೂ ಅಂಟಿಕೊಂಡಿದ್ದಿತು. ಪಕ್ಕದಲ್ಲಿಯೇ ಅವನ ಬುತ್ತಿ. ಸೀಸವು ಮೈಯೊಳಗೆ ಹೊಕ್ಕರೆ ರಕ್ತವನ್ನೂ ನರಗಳನ್ನೂ ಕೆಡಿಸುತ್ತದೆ. ಎಳೆಯರ ಮಿದುಳಿಗೆ ಇಷ್ಟರಮಟ್ಟಿಗಾದರೆ ಹಾನಿಯಿಲ್ಲವೆಂಬ ಮಿತಿಯೇ ಇಲ್ಲ. ನಾನು ಸತ್ಯಾಸತ್ಯಗಳ ಸೂಕ್ಷ್ಮವನ್ನು ವಿಚಾರಿಸುತ್ತಿದ್ದಾಗ ಈ ಹುಡುಗನು ನನ್ನ ಲೆಕ್ಕದಲ್ಲಿಯೇ ಇರಲಿಲ್ಲ. ಗಾಡಿಯ ಒಡೆಯನಿಗೂ ಕೊಳ್ಳುವವನಿಗೂ ನಡುವಣ ವ್ಯವಹಾರವೆಂದು ತಿಳಿದಿದ್ದೆನು. ಅದರ ಬೆಲೆಯನ್ನು ತೆರುತ್ತಿದ್ದವನು ಮೂರನೆಯವನು. ಕಣ್ಣಿಗೆ ಹಳೆಯದಾಗಿ ಕಾಣಲೆಂಬ ನಮ್ಮ ಅಭಿರುಚಿಗಾಗಿ ಒಬ್ಬನ ನೆತ್ತರಿಗೆ ವಿಷ ಬೀಳಬೇಕೇ? ದುರಸ್ತಿಯವನೊಡನೆ ಒಂದೆರಡು ಮಾತು ಆಡಿದೆವು. “ಇವನೊಬ್ಬನೇ ಅಲ್ಲ ಸ್ವಾಮಿ, ನಾನೂ ಹೀಗೆಯೇ ಕಲಿತದ್ದು” ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ದೇಶದಲ್ಲಿ 2001ರಿಂದಲೂ ಇದಕ್ಕೆ ಕಾನೂನು ಇದೆ. 2022ರ ಹೊಸ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಯೋಗ್ಯವಾದ ಕುಲುಮೆಗೆ ಮುಟ್ಟಿದರೆ ಸೀಸದ ಬಹುಭಾಗವು ಹೊಸ ಬ್ಯಾಟರಿಯಾಗಿಯೇ ಹೊರಬರುತ್ತದೆ.

ಸ್ನೇಹಿತರು ಪೇಟೆಯ ದೊಡ್ಡ ಅಂಗಡಿಯಲ್ಲಿ 6 ವೋಲ್ಟಿನ ಸಾಧಾರಣ ಬ್ಯಾಟರಿಯೊಂದನ್ನು ಕೊಂಡರು. ಅದರ ಪೆಟ್ಟಿಗೆ ಬಿಳುಪು. ಮುಚ್ಚಳ ತೆಗೆದರೆ ಹೊಸದೆಂದು ಯಾರಿಗಾದರೂ ತಿಳಿಯುವಂತಿದೆ. ಅಂಗಡಿಯವನು ಹಳೆಯದನ್ನು ಒಡೆಯದೆ ಹಾಗೆಯೇ ತೂಗಿ, ಬೆಲೆಯಲ್ಲಿ ಅಷ್ಟನ್ನು ಮುರಿದುಕೊಂಡು ರಸೀತಿ ಬರೆದನು. ಆ ಹಣವನ್ನು ಕಳೆದುಕೊಡುವಾಗ ಸ್ನೇಹಿತರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಮನೆಗೆ ಬಂದು ತಂದೆಯವರ ಪುಸ್ತಕದಲ್ಲಿ ಹದಿನೈದನೆಯ ಸಾಲನ್ನು ತಾವೇ ಬರೆದರು: ತಾರೀಖು, ಬೆಲೆ, ಹಳೆಯದನ್ನು ಕೊಟ್ಟಿದೆ.