ಶಾಕವ್ರತ ಯಾರದು, ಕಷ್ಟ ಯಾರಿಗೆ?

ಪ್ರಶ್ನೆ: ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ನ್ಯಾಮತಿಗೆ ಕೆಲಸಕ್ಕೆ ಹೋಗ್ತೀನಿ. ಮನೇಲಿ ಇಬ್ಬರು ಚಿಕ್ಕ ಮಕ್ಕಳು. ಹೋದ ವರ್ಷ ಶಾಕವ್ರತ ಹಿಡಿದೆ. ಹನ್ನೊಂದನೇ ದಿನ ಅವಸರದಲ್ಲಿ, ಮಗ ತಟ್ಟೆಯಲ್ಲಿ ಬಿಟ್ಟ ಟೊಮೆಟೊ ಬಾತ್ ಬಾಯಿಗೆ ಹಾಕ್ಕೊಂಡುಬಿಟ್ಟೆ. ಅದೇ ವಾರ ಅವನಿಗೆ ಜ್ವರ ಬಂತು. ವ್ರತಭಂಗದ ಫಲ ಅಂದರು ಮನೆಯ ಹಿರಿಯರು. ಈ ವರ್ಷ ಮತ್ತೆ ಹಿಡಿಯಬೇಕು ಅಂತ ಆಸೆ, ಆದರೆ ಭಯ. ಏನು ಮಾಡಲಿ?
– ಓದುಗರೊಬ್ಬರು, ಹೊನ್ನಾಳಿ

ಉತ್ತರ: ಸೋದರಿ, ಮೊದಲು ಭಯದ ಮಾತು ಮುಗಿಸೋಣ. ಮಳೆಗಾಲದಲ್ಲಿ ವ್ರತ ಹಿಡಿದ ಮನೆಯಲ್ಲೂ ಹಿಡಿಯದ ಮನೆಯಲ್ಲೂ ಮಕ್ಕಳಿಗೆ ಜ್ವರ ಬರುತ್ತದೆ. ತಾಯಿ ಮರೆತು ತಿಂದ ಒಂದು ತುತ್ತಿಗೆ ಮಗುವನ್ನು ದಂಡಿಸುವವನು ನಾವು ಪೂಜಿಸುವ ನಾರಾಯಣನಲ್ಲ. ಪ್ರತಿ ಪೂಜೆಯ ಕೊನೆಗೆ ಹೆಚ್ಚುಕಡಿಮೆಯಾಗಿದ್ದರೆ ಕ್ಷಮಿಸು ಅಂತ ಬೇಡಿಕೊಳ್ಳುತ್ತೇವಲ್ಲ, ಆ ಪ್ರಾರ್ಥನೆ ಇರುವುದೇ ನಮ್ಮಂಥ ಮರೆವಿನವರಿಗಾಗಿ. ಮರೆತು ತಿಂದಾಗ ದೇವರ ಮುಂದೆ ನಿಂತು ತಪ್ಪಾಯಿತು ಎಂದು ಹೇಳಿ, ಮಾರನೇ ದಿನದಿಂದ ವ್ರತ ಮುಂದುವರಿಸಬಹುದಿತ್ತು.

ಈ ಬಾರಿ ಚನ್ನಗಿರಿ, ಜಗಳೂರಿನಿಂದಲೂ ಇದೇ ವಿಷಯಕ್ಕೆ ಪತ್ರಗಳು ಬಂದಿವೆ. ಮೂರಕ್ಕೂ ಒಟ್ಟಿಗೇ ಉತ್ತರಿಸುತ್ತೇನೆ.

ಚಾತುರ್ಮಾಸ್ಯ ಆಷಾಢ ಶುದ್ಧ ಏಕಾದಶಿಯಿಂದ ಆರಂಭ. ಮೊದಲ ತಿಂಗಳು ತರಕಾರಿ, ಸೊಪ್ಪು, ಹಣ್ಣು ಬಿಡುವ ಶಾಕವ್ರತ. ಎರಡನೆಯದು ಮೊಸರು ಬಿಡುವ ದಧಿವ್ರತ. ಮೂರನೆಯದು ಹಾಲು ಬಿಡುವ ಕ್ಷೀರವ್ರತ. ನಾಲ್ಕನೆಯದು ಬೇಳೆಕಾಳು ಬಿಡುವ ದ್ವಿದಳವ್ರತ. ನಾಲ್ಕರಲ್ಲಿ ಅಡುಗೆಮನೆಗೆ ಹೆಚ್ಚು ಭಾರ ಶಾಕವ್ರತದ್ದೇ. ಹುಣಸೆಹಣ್ಣು, ಮೆಣಸಿನಕಾಯಿ, ತೊಗರಿಬೇಳೆ ಕೂಡ ದೂರ. ಉಳಿಯುವುದು ಅಕ್ಕಿ, ಗೋಧಿ, ಹೆಸರುಬೇಳೆ, ಉದ್ದು, ಕಾಳುಮೆಣಸು, ಜೀರಿಗೆ, ಬೆಲ್ಲ, ಹಾಲು, ಮೊಸರು, ತುಪ್ಪ. ಹುಳಿಗೆ ಮಾವಿನಕಾಯಿ.

ಚಾತುರ್ಮಾಸ್ಯ ನಿತ್ಯವ್ರತ, ಅದರಲ್ಲಿ ರಿಯಾಯಿತಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಿತ್ಯವ್ರತ ಎನ್ನುವುದು ಸರಿ. ಆದರೆ ಮೀಮಾಂಸಕರು ಮಾಡಿದ ವಿಂಗಡಣೆ ನೋಡಿ. ಫಲ ಬಯಸಿ ಮಾಡುವ ಕಾಮ್ಯಕರ್ಮ ಎಲ್ಲ ಅಂಗಗಳೊಂದಿಗೂ ನಡೆಯಬೇಕು. ನಿತ್ಯಕರ್ಮ ಕೈಲಾದಷ್ಟು ಅಂಗಗಳೊಂದಿಗೆ ನಡೆದರೂ ಸಲ್ಲುತ್ತದೆ. ಯಥಾಶಕ್ತಿ ಎಂಬ ಮಾತು ಬಂದದ್ದು ಸೋಮಾರಿಗಳಿಗಾಗಿ ಅಲ್ಲ, ದಿನವೂ ಸಂಸಾರ ನಡೆಸುವವರಿಗಾಗಿ.

ಹಾಗಾದರೆ ಯಾವುದು ಅಶಕ್ತಿ, ಯಾವುದು ಸೋಮಾರಿತನ? ನಾನು ಹೇಳುವ ಅಳತೆ ಒಂದೇ: ಈ ನಿಯಮದ ಕಷ್ಟ ಯಾರಿಗೆ ತಗಲುತ್ತದೆ ಅಂತ ಕೇಳಿಕೊಳ್ಳಿ. ಸಪ್ಪೆ ಊಟದಿಂದ ನಿಮ್ಮ ನಾಲಿಗೆಗೆ ಬೇಸರವಾದರೆ ಸಹಿಸಿ, ಅದೇ ವ್ರತ. ಮಗಳ ಡಬ್ಬಿಯಲ್ಲಿ ಪಲ್ಯ ಇಲ್ಲದೆ ಹೋದರೆ, ಹಸಿವಿನ ಸಿಡುಕಿನಲ್ಲಿ ಮಗನಿಗೆ ಎರಡು ಏಟು ಬಿದ್ದರೆ, ನಿಮ್ಮ ವ್ರತವನ್ನು ಅವರು ಆಚರಿಸಿದ ಹಾಗಾಯಿತು. ಬೆಳೆಯುವ ಮಕ್ಕಳಿಗೆ ಸೊಪ್ಪು, ತರಕಾರಿ, ಹಣ್ಣು ಬೇಕೇ ಬೇಕು. ಸಂಕಲ್ಪ ಮಾಡಿದವರು ನೀವು, ಅವರಲ್ಲ.

ಜಗಳೂರಿನ ಓದುಗರಿಗೂ ಇದೇ ಉತ್ತರ. 'ವ್ರತ ಹಿಡಿದಿದ್ದೇನೆ, ಎರಡು ಅಡುಗೆ ಆಗಲ್ಲ ಅಂತಾಳೆ ಮನೆಯಾಕೆ. ಸಹಕರಿಸುವುದು ಅವಳ ಧರ್ಮವಲ್ಲವೇ?' ಎಂದು ಕೇಳಿದ್ದೀರಿ. ಸ್ವಾಮಿ, ಸಂಕಲ್ಪದಲ್ಲಿ ಹೇಳಿದ್ದು ನಿಮ್ಮ ಹೆಸರು, ನಿಮ್ಮ ಗೋತ್ರ. ಒಂದು ಹಿಡಿ ಹೆಸರುಬೇಳೆ ಬೇಯಿಸಿ ಮೆಣಸು ಜೀರಿಗೆ ಒಗ್ಗರಣೆ ಹಾಕುವುದು ಗಂಡಸರಿಗೆ ಬಾರದ ವಿದ್ಯೆಯೇನಲ್ಲ. ಆಕೆ ಸಂತೋಷದಿಂದ ಮಾಡಿಕೊಟ್ಟರೆ ಅದು ನಿಮ್ಮ ಭಾಗ್ಯ. ಹಕ್ಕು ಅಂತ ಕೇಳಬೇಡಿ.

ಚನ್ನಗಿರಿಯವರು ಕೇಳಿದ್ದು ಸಕ್ಕರೆ ಕಾಯಿಲೆಯ ಮಾತ್ರೆಯ ಬಗ್ಗೆ. ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಹೇಳುತ್ತಾನೆ. ಔಷಧ ಅದರಲ್ಲಿ ಒಂದು, ಗುರುವಿನ ಮಾತು ಇನ್ನೊಂದು. ಮಾತ್ರೆ ಬಿಡಬೇಡಿ. ಊಟದ ಕ್ರಮ ಬದಲಿಸುವ ಮೊದಲು ವೈದ್ಯರನ್ನು ಕೇಳಿ. ಬಸುರಿ ಬಾಣಂತಿಯರಿಗೂ ಈ ಮಾತು ಅನ್ವಯ.

ಮತ್ತೆ ನಿಮ್ಮ ವಿಷಯಕ್ಕೆ ಬರೋಣ, ಸೋದರಿ. ಏಕಾದಶಿಯ ದಿನ ಬೆಳಿಗ್ಗೆ ಎದ್ದು ಯೋಚಿಸಿದರೆ ಆಗದು, ಸಿದ್ಧತೆ ಜ್ಯೇಷ್ಠದಲ್ಲೇ ಆಗಲಿ. ನಿಮ್ಮೂರಲ್ಲೇ ತುಂಗಭದ್ರೆಯ ದಡದಲ್ಲಿ ರಾಯರ ಮಠವಿದೆ. ನಿಮ್ಮ ಸಂಪ್ರದಾಯದಲ್ಲಿ ಸಲ್ಲುವ ಪದಾರ್ಥಗಳ ಪಟ್ಟಿ ಅಲ್ಲಿ ಕೇಳಿ ಬರೆದುಕೊಳ್ಳಿ. ಮಾವಿನಕಾಯಿ ಸಿಗುವಾಗಲೇ ಹೆಚ್ಚಿ ಒಣಗಿಸಿ ಪುಡಿ ಮಾಡಿಡಿ. ಮೆಣಸು, ಜೀರಿಗೆ, ಉದ್ದಿನಬೇಳೆ ಹುರಿದು ಸಾರಿನ ಪುಡಿ ಮಾಡಿಕೊಳ್ಳಿ. ಬೆಳಿಗ್ಗೆ ಕುಕ್ಕರಿನಲ್ಲಿ ಹೆಸರುಬೇಳೆ ಒಂದೇ ಸಲ ಬೇಯಲಿ. ನಿಮ್ಮ ಪಾಲು ಮೊದಲು ತೆಗೆದು ತುಪ್ಪದ ಒಗ್ಗರಣೆ ಹಾಕಿ. ಉಳಿದದ್ದಕ್ಕೆ ಮಕ್ಕಳಿಗೆ ಬೇಕಾದ ತರಕಾರಿ ಬೀಳಲಿ. ಮಕ್ಕಳ ತಟ್ಟೆ ಒರೆಸಿ ತಿನ್ನುವ ಅಭ್ಯಾಸವನ್ನು ಈಗಿನಿಂದಲೇ ಬಿಡಿ. ಹೋದ ವರ್ಷ ನೀವು ತಪ್ಪಿದ್ದು ಅಲ್ಲೇ.

ಸಂಕಲ್ಪಕ್ಕೆ ಮುಂಚೆ ಒಂದು ವಾರ ಹೀಗೆ ನಡೆಸಿ ನೋಡಿ. ಮನೆ ಸಮಾಧಾನವಾಗಿದ್ದರೆ ಧೈರ್ಯವಾಗಿ ಹಿಡಿಯಿರಿ. ಆಗದು ಅನಿಸಿದರೆ ಈ ವರ್ಷ ಕ್ಷೀರವ್ರತವೊಂದನ್ನೇ ಹಿಡಿಯಿರಿ. ಲೋಟದ ಹಾಲು ಬಿಡುವವರು ನೀವೊಬ್ಬರೇ, ಮನೆಯಲ್ಲಿ ಬೇರೆ ಯಾರ ತಟ್ಟೆಯೂ ಬದಲಾಗದು. ಮಕ್ಕಳು ದೊಡ್ಡವರಾದ ಮೇಲೆ ಉಳಿದ ವ್ರತಗಳಿಗೂ ಕಾಲ ಬರುತ್ತದೆ.

ಇದು ವ್ರತವನ್ನು ಸಡಿಲ ಮಾಡಿದಂತಲ್ಲವೇ ಅಂತ ಮನೆಯ ಹಿರಿಯರು ಕೇಳಬಹುದು. ಸಂಕಲ್ಪ ಮಾಡಿದ ಮೇಲೆ ಕಡಿಮೆ ಮಾಡಿದರೆ ಸಡಿಲ. ಮಾಡುವ ಮೊದಲೇ ನಮ್ಮ ಶಕ್ತಿ ನೋಡಿಕೊಂಡು ಕಡಿಮೆ ಮಾತು ಕೊಟ್ಟು ಪೂರ್ತಿ ನಡೆಸಿದರೆ ಅದು ಸತ್ಯ. ನಿಮ್ಮ ಮಗನಿಗೂ ನೀವು ಕಲಿಸಬೇಕಾದದ್ದು ಇದನ್ನೇ ತಾನೆ? ಹಿಡಿದದ್ದನ್ನು ನಗುನಗುತ್ತಾ ನಡೆಸಿ, ಕೊನೆಯ ದಿನ ಕೃಷ್ಣಾರ್ಪಣ ಎನ್ನಿ. ಒಳ್ಳೆಯದಾಗಲಿ.