ಮೀನಿನ ಅಳತೆಯ ಪಾತ್ರೆ

ಹಾಲ್‌ನ ಮೂಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕುವುದು, ಅಂಗೈಯಗಲದ ಆಮೆಮರಿ ತಂದು ಮಕ್ಕಳಿಗೆ ಕೊಡುವುದು ಈಗ ನಮ್ಮ ಕರಾವಳಿಯ ಮನೆಗಳಲ್ಲೂ ರೂಢಿಯಾಗುತ್ತಿದೆ. ಈ ಹವ್ಯಾಸಕ್ಕೆ ಭಕ್ತಿಯ ಬಣ್ಣವೂ ಸೇರಿಕೊಂಡಿದೆ. ವಿಷ್ಣುವಿನ ಮೊದಲೆರಡು ಅವತಾರಗಳೇ ಮತ್ಸ್ಯ ಮತ್ತು ಕೂರ್ಮ. ಜೊತೆಗೆ ಇಂಥ ದಿಕ್ಕಿನಲ್ಲಿ ಮೀನಿದ್ದರೆ ದುಡ್ಡು ನಿಲ್ಲುತ್ತದೆ, ಆಮೆ ಇದ್ದರೆ ಆಯುಸ್ಸು ಹೆಚ್ಚುತ್ತದೆ ಎಂಬ ವಾಸ್ತುವಿನ ಮಾತು. ಕುಂಭಾಶಿಯ ಆನೆಗುಡ್ಡೆ ವಿನಾಯಕನಿಗೆ ಕೈಮುಗಿದು ಹೊಸ ಮನೆಗೆ ಹೊಕ್ಕವರು ಕೆಲವೇ ದಿನಗಳಲ್ಲಿ ಒಂದು ಅಕ್ವೇರಿಯಂ ತಂದಿಟ್ಟರೆ ಯಾರಿಗೂ ಅಚ್ಚರಿಯಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇನ್ನೊಂದು ಜೀವವನ್ನು ನಮ್ಮ ಸಂತೋಷಕ್ಕಾಗಿ ಪಾತ್ರೆಯೊಳಗೆ ಇಡುವುದು ಧರ್ಮವೇ? ಇಡುವುದು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ, ಅದೊಂದು ಋಣ ಎಂಬುದು ನನ್ನ ವಾದ. ಆ ಋಣವನ್ನು ಬರೀ ಪ್ರೀತಿಯಿಂದ ತೀರಿಸಲಾಗದು, ಆ ಜೀವಕ್ಕೆ ಏನು ಬೇಕೆಂದು ಕಲಿತೇ ತೀರಿಸಬೇಕು.

ಈ ಪ್ರಶ್ನೆಗೆ ನಮ್ಮ ಪರಂಪರೆಯ ಅತಿ ಹಳೆಯ ಉತ್ತರ ಶತಪಥ ಬ್ರಾಹ್ಮಣದ ಮನುವಿನ ಕಥೆಯಲ್ಲಿದೆ. ಬೆಳಿಗ್ಗೆ ಕೈತೊಳೆಯುತ್ತಿದ್ದ ಮನುವಿನ ಬೊಗಸೆಗೆ ಒಂದು ಪುಟ್ಟ ಮೀನು ಬರುತ್ತದೆ. ನನ್ನನ್ನು ಸಾಕು, ನಿನ್ನನ್ನು ಕಾಪಾಡುತ್ತೇನೆ ಎನ್ನುತ್ತದೆ. ಸಣ್ಣವರಾಗಿರುವ ತನಕ ನಮಗೆ ಅಪಾಯ ಹೆಚ್ಚು, ಮೀನನ್ನು ಮೀನೇ ನುಂಗುತ್ತದೆ ಎಂದು ಕಾರಣ ಹೇಳುತ್ತದೆ. ಹೇಗೆ ಸಾಕಬೇಕೆಂಬುದನ್ನೂ ಅದೇ ತಿಳಿಸುತ್ತದೆ: ಮೊದಲು ಮಡಕೆಯಲ್ಲಿಡು, ಮಡಕೆ ಸಾಲದಾದಾಗ ಹೊಂಡ ತೋಡಿ ಅದರಲ್ಲಿಡು, ಅದೂ ಸಾಲದಾದಾಗ ಕಡಲಿಗೆ ಒಯ್ಯು. ಪುರಾಣಗಳಲ್ಲಿ ಇದೇ ಕಥೆ ಕಮಂಡಲು, ಬಾವಿ, ಕೆರೆ, ಗಂಗೆ, ಸಮುದ್ರ ಎಂದು ಇನ್ನಷ್ಟು ಮೆಟ್ಟಿಲು ಪಡೆಯಿತು. ನಾವು ಈ ಕಥೆಯನ್ನು ಪ್ರಳಯದ ಕಥೆಯೆಂದೇ ಕೇಳುತ್ತ ಬಂದಿದ್ದೇವೆ. ಅದರ ಮೊದಲ ಭಾಗ ಸಾಕುವವನಿಗೆ ಹೇಳಿದ ಪಾಠ. ಮೀನು ಪಾತ್ರೆಗೆ ಹೊಂದಿಕೊಂಡು ಕುಗ್ಗಲಿಲ್ಲ. ಮೀನು ಬೆಳೆದಂತೆಲ್ಲ ಮನು ಪಾತ್ರೆ ಬದಲಿಸಿದ. ಕೇಳುವವನು ಮನು, ಹೇಳಿಕೊಡುವುದು ಮೀನು. ಪ್ರಾಣಿಯ ಅಗತ್ಯವೇ ಅಳತೆಗೋಲು, ಯಜಮಾನನ ಅನುಕೂಲವಲ್ಲ ಎಂಬ ನಿಯಮ ಅಲ್ಲಿ ಸ್ಪಷ್ಟವಾಗಿದೆ. ಭಾರತದ ಕಾನೂನು ಕೂಡ ಇದೇ ದಾರಿಗೆ ಬಂದಿದೆ. ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಕೂಡಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ಆ ಅಗತ್ಯವನ್ನು ತಿಳಿಯುವುದು ಹೇಗೆ? ಇಲ್ಲಿ ಕರುಣೆಯೊಂದೇ ಸಾಲದು, ಸಾಕ್ಷ್ಯ ಬೇಕು. ಹೊಸ ತೊಟ್ಟಿಯ ಮೊದಲ ವಾರವನ್ನು ನೋಡಿ. ನೀರು ಕನ್ನಡಿಯಂತೆ ತಿಳಿಯಾಗಿದೆ. ಮೂರನೆಯ ನಾಲ್ಕನೆಯ ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತವೆ, ಕಿವಿರು ಕೆಂಪಾಗುತ್ತದೆ. ಮನೆಯವರು ಹಸಿವೆಂದು ತಿಳಿದು ಇನ್ನೊಂದು ಚಿಟಿಕೆ ಆಹಾರ ಹಾಕುತ್ತಾರೆ. ಆ ಚಿಟಿಕೆಯೇ ವಿಷಕ್ಕೆ ವಿಷ ಸೇರಿಸುತ್ತದೆ. ಮೀನಿನ ಕಿವಿರು ಮತ್ತು ಹೊಲಸಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಕಣ್ಣಿಗೆ ಕಾಣದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ. ಈ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನು ಬರುವ ಮೊದಲೇ ನೀರು ಹದವಾಗಬೇಕೆಂಬುದು ಇದೇ ಕಾರಣಕ್ಕೆ. ಆಮೇಲೂ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರು ಬದಲಿಸಬೇಕು. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೊಳೆಯಬೇಕು. ಶುಚಿಯ ಹೆಸರಿನಲ್ಲಿ ಎಲ್ಲವನ್ನೂ ಒಮ್ಮೆಗೇ ಉಜ್ಜಿ ತೊಳೆದವರ ತೊಟ್ಟಿಯಲ್ಲಿ ಮರುದಿನ ಮೀನು ಸಾಯುವುದು ದೈವಕೋಪದಿಂದಲ್ಲ. ಪ್ರೀತಿಯಿತ್ತು, ತಿಳಿವಳಿಕೆ ಇರಲಿಲ್ಲ; ಫಲ ಮಾತ್ರ ಹಿಂಸೆಯೇ ಆಯಿತು. ಹಾಗಾಗಿ ಅಹಿಂಸೆಯನ್ನು ಒಪ್ಪಿದವನಿಗೆ ನೀರಿನ ಪರೀಕ್ಷೆ ಕಲಿಯುವುದು ಹವ್ಯಾಸದ ಮಾತಲ್ಲ, ವ್ರತದ ಭಾಗ.

ಉಡುಪಿಯ ನೆಲದಲ್ಲಿ ಈ ಮಾತಿಗೆ ಇನ್ನೊಂದು ಆಧಾರವೂ ಸಿಗುತ್ತದೆ. ಮಧ್ವಾಚಾರ್ಯರು ಹೇಳಿದ ಐದು ಭೇದಗಳಲ್ಲಿ ಜೀವಕ್ಕೂ ಜೀವಕ್ಕೂ ಇರುವ ಭೇದವೂ ಒಂದು. ಪ್ರತಿ ಜೀವಕ್ಕೂ ತನ್ನದೇ ಸ್ವಭಾವವಿದೆ. ಅದು ಮೋಕ್ಷದ ವಿಚಾರದಲ್ಲಿ ಬಂದ ಸಿದ್ಧಾಂತ ನಿಜ. ಆದರೂ ಅದನ್ನು ಒಪ್ಪಿದವರು ‘ಮೀನೆಂದರೆ ಮೀನು, ಎಲ್ಲಕ್ಕೂ ಒಂದೇ ನೀರು’ ಎಂದು ಹೇಳಲಾಗದು. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ಅದು ಟೆಟ್ರಾ, ಗೌರಾಮಿಗಳಿಗೆ ಹಿತ. ಮೋಲಿ, ಗಪ್ಪಿಗಳಿಗೆ ಗಡಸು ನೀರು ಬೇಕು. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರಿದಾಗ ಹಿತ ಅಹಿತ ಮತ್ತೆ ಬದಲಾಗುತ್ತದೆ. ಆಮೆಯ ವಿಷಯವಂತೂ ಬೇರೆಯೇ. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ಹಸಿರು ಆಮೆಮರಿಯನ್ನು ಪ್ಲಾಸ್ಟಿಕ್ ತೆಂಗಿನಮರ ನೆಟ್ಟ ಡಬ್ಬಿಯಲ್ಲಿಟ್ಟು, ಒಣ ಸಿಗಡಿಯ ಪೊಟ್ಟಣದೊಂದಿಗೆ ಮಾರುತ್ತಾರೆ. ಅದು ಅಮೆರಿಕದ ರೆಡ್ ಇಯರ್ಡ್ ಸ್ಲೈಡರ್. ಬೆಳೆದರೆ ಊಟದ ತಟ್ಟೆಯಷ್ಟಾಗುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಲ್ಲದು. ಅದಕ್ಕೆ ಈಜಲು ಆಳದ ನೀರು, ಮೈ ಒಣಗಿಸಲು ಕಲ್ಲು, ನೇರ ಬಿಸಿಲು ಅಥವಾ ಯುವಿಬಿ ದೀಪ, ಸೊಪ್ಪು, ಸುಣ್ಣದಂಶ ಎಲ್ಲವೂ ಬೇಕು. ಬಿಸಿಲಿಲ್ಲದೆ ಸಿಗಡಿಯೊಂದನ್ನೇ ತಿಂದ ಮರಿಯ ಚಿಪ್ಪು ಬೆರಳಿಟ್ಟರೆ ತಗ್ಗುತ್ತದೆ, ರೆಪ್ಪೆ ಊದಿ ಕಣ್ಣು ಮುಚ್ಚುತ್ತದೆ. ಆಮೆ ಅರಚುವುದಿಲ್ಲ, ಎಷ್ಟೋ ಮನೆಗಳಲ್ಲಿ ಅದು ನಿದ್ದೆಯೆಂದೇ ತಿಳಿಯುತ್ತಾರೆ. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಮುಟ್ಟಿದ ಕೈ ಸೋಪಿನಿಂದ ತೊಳೆಯಬೇಕು. ಮಕ್ಕಳಿಗೆ ಈ ಸೋಂಕು ತಗಲುತ್ತಿದ್ದ ಕಾರಣಕ್ಕೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಇಲ್ಲಿ ಭಕ್ತರಿಂದ ಒಂದು ಆಕ್ಷೇಪ ಬರಬಹುದು. ಮೀನು ಸತ್ತರೆ ಮನೆಗೆ ಬರಲಿದ್ದ ಕಂಟಕವನ್ನು ತಾನು ಹೊತ್ತುಕೊಂಡು ಹೋಯಿತು ಎನ್ನುತ್ತಾರೆ. ಮನುವಿಗೂ ಮೀನು ಸಾಕಿದ್ದರಿಂದಲೇ ರಕ್ಷಣೆ ಸಿಕ್ಕಿತಲ್ಲ ಎಂದು ಕೇಳಬಹುದು. ಮೊದಲ ಮಾತು ಸಮಾಧಾನ ಕೊಡುತ್ತದೆ, ಆದರೆ ಸಾವಿನ ಕಾರಣ ಹುಡುಕುವ ಹೊಣೆಯಿಂದ ನಮ್ಮನ್ನು ಬಿಡಿಸಿಬಿಡುತ್ತದೆ. ಮರುದಿನವೇ ಅದೇ ಕೆಟ್ಟ ನೀರಿಗೆ ಇನ್ನೊಂದು ಮೀನು ಬರುತ್ತದೆ. ತಾನು ಸಾಕಿದ ಜೀವ ತನ್ನ ಅಜಾಗ್ರತೆಯಿಂದ ಸತ್ತದ್ದನ್ನು ಲಾಭವೆಂದು ಎಣಿಸುವ ನಂಬಿಕೆಯನ್ನು ಧರ್ಮ ಎನ್ನಲು ಮನಸ್ಸು ಒಪ್ಪದು. ಎರಡನೆಯದಕ್ಕೆ ಕಥೆಯಲ್ಲೇ ಉತ್ತರವಿದೆ. ಪ್ರಳಯದಲ್ಲಿ ಮನುವಿನ ಹಡಗನ್ನು ಎಳೆದು ಕಾಪಾಡಿದ್ದು ಮಡಕೆಯೊಳಗಿನ ಮೀನಲ್ಲ, ಕಡಲು ಸೇರಿದ ಮೀನು. ಅದನ್ನು ಮಡಕೆಯಲ್ಲೇ ಉಳಿಸಿಕೊಂಡಿದ್ದರೆ ಮನುವೂ ಉಳಿಯುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಕರಾವಳಿಯದೇ. ಗಂಗೊಳ್ಳಿಯಿಂದ ಮಲ್ಪೆಯವರೆಗೆ ದೋಣಿ ತುಂಬ ಮೀನು ಬರುವ, ಅದನ್ನೇ ಉಂಡು ಬಾಳುವ ನಾಡಿನಲ್ಲಿ ತೊಟ್ಟಿಯ ನಾಲ್ಕು ಮೀನಿನ ಸುಖದ ಚಿಂತೆ ಆಡಂಬರವಲ್ಲವೇ? ಮೀನಿಗೆ ನೋವು ಎಲ್ಲಿಯದು? ನೋವಿನ ಮಾತಿಗೆ ಸಾಕ್ಷ್ಯವಿದೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ ಗಾಯ, ಶಾಖಗಳಿಗೆ ಸ್ಪಂದಿಸುವ ನರತಂತುಗಳನ್ನು ತೋರಿಸಿದರು. ತುಟಿಗೆ ಕಿರಿಕಿರಿಯ ದ್ರವ ಸೇರಿಸಿದಾಗ ಆ ಮೀನುಗಳು ಆಹಾರ ಬಿಟ್ಟವು. ಅದು ನಮ್ಮ ನೋವಿನಂಥದೇ ಎಂಬ ಚರ್ಚೆ ಮುಗಿದಿಲ್ಲವಾದರೂ ಮೀನಿಗೆ ಏನೂ ಆಗದು ಎನ್ನುವ ನಿಶ್ಚಿಂತೆಗೆ ಇನ್ನು ಆಧಾರವಿಲ್ಲ. ಇನ್ನು ಆಹಾರದ ಮಾತು. ಬಲೆ ಬೀಸುವವರು ಮೀನಿಗೆ ಆಶ್ರಯ ಕೊಡುತ್ತೇವೆಂದು ಹೇಳಿದವರಲ್ಲ, ಮನೆಗೆ ತಂದು ಸಾಕುವವರು ಕೊಟ್ಟಿದ್ದಾರೆ. ಶರಣು ಬಂದದ್ದನ್ನು ಕಾಯುವ ಕರ್ತವ್ಯ ಆಶ್ರಯ ಕೊಟ್ಟವನ ಮೇಲಿದೆ. ಕಡಲನ್ನು ನಂಬಿ ಬದುಕುವವರೂ ಮಿತಿ ಇಲ್ಲದೆ ಬಾಳಿದವರಲ್ಲ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ, ಬಲೆಗೆ ಬಿದ್ದ ಕಡಲಾಮೆಯನ್ನು ಬಿಡಿಸಿ ನೀರಿಗೆ ಬಿಡುವ ಮೀನುಗಾರರಿದ್ದಾರೆ.

ಮೂರನೆಯ ಆಕ್ಷೇಪವೇ ಗಟ್ಟಿ. ನಿಜವಾಗಿ ಕರುಣೆ ಇದ್ದವನು ಸಾಕಲೇಬಾರದು, ಬಂಧನ ಎಷ್ಟು ದೊಡ್ಡದಾದರೂ ಬಂಧನವೇ ಎಂಬುದು. ಕಾಡು ಮತ್ತು ಕಡಲಿನಿಂದ ಹಿಡಿದು ತಂದ ಜೀವಿಗಳ ಮಟ್ಟಿಗೆ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಅಂಗಡಿಯ ಕಡಲ ಮೀನುಗಳಲ್ಲಿ ಹೆಚ್ಚಿನವು ಹವಳದ ದಿಬ್ಬಗಳಿಂದ ಹಿಡಿದವು. ನಕ್ಷತ್ರ ಆಮೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದು ಅದೃಷ್ಟ ತರುತ್ತದೆಂಬ ನಂಬಿಕೆಯೂ ಅದರ ಕಳ್ಳಸಾಗಣೆಗೆ ಒಂದು ಕಾರಣ. ಇವುಗಳನ್ನು ತರುವುದೇ ಬೇಡ. ಆದರೆ ಗಪ್ಪಿ, ಫೈಟರ್, ಗೋಲ್ಡ್‌ಫಿಶ್‌ಗಳು ಎಷ್ಟೋ ತಲೆಮಾರಿನಿಂದ ಸಾಕಣೆಯಲ್ಲೇ ಹುಟ್ಟಿ ಬೆಳೆದವು. ಅವುಗಳಿಗೆ ಹಿಂದಿರುಗಲು ಕಾಡಿನ ಮನೆಯಿಲ್ಲ. ಅವು ಮನುಷ್ಯರ ಕೈಯಲ್ಲಿ ಇರುವುದು ನಿಶ್ಚಿತವಾದಾಗ ಎಂಥ ಕೈಯಲ್ಲಿ ಎಂಬುದೇ ನೀತಿಯ ಪ್ರಶ್ನೆ.

ಬಿಡುಗಡೆಯ ಪುಣ್ಯವನ್ನೂ ಇದೇ ನೆಲೆಯಲ್ಲಿ ತೂಗಬೇಕು. ತೊಟ್ಟಿಗೆ ದೊಡ್ಡದಾದ ಸ್ಲೈಡರನ್ನೋ ತೊಟ್ಟಿ ಶುಚಿ ಮಾಡುತ್ತದೆಂದು ತಂದ ಸಕ್ಕರ್ ಮೀನನ್ನೋ ದೇವಸ್ಥಾನದ ಕೆರೆಗೆ, ಮದಗಕ್ಕೆ ಬಿಟ್ಟು ಕೈಮುಗಿದು ಬರುವವರಿದ್ದಾರೆ. ಸ್ಲೈಡರ್ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಊರಿನ ಆಮೆಯ ಆಹಾರವನ್ನೂ ಬಿಸಿಲು ಕಾಯುವ ಕಲ್ಲನ್ನೂ ಕಿತ್ತುಕೊಳ್ಳುತ್ತದೆ. ಮನು ಮೀನನ್ನು ಒಯ್ದದ್ದು ಅದರದೇ ನೀರಿಗೆ. ಒಂದನ್ನು ಬಿಟ್ಟು ನೂರನ್ನು ಕೊಲ್ಲುವುದು ದಾನವಾಗದು. ನಮ್ಮಲ್ಲೇ ಒಳ್ಳೆಯ ಮಾದರಿಗಳಿವೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ತಮ್ಮ ಹೊಳೆಯಲ್ಲೇ ಇವೆ, ಭಕ್ತರು ಅವುಗಳಿದ್ದಲ್ಲಿಗೆ ಹೋಗುತ್ತಾರೆ. ಕುಂದಾಪುರದ ಕೋಡಿ ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆಯಿಟ್ಟಾಗ ಅರಣ್ಯ ಇಲಾಖೆಯವರೂ ಸ್ಥಳೀಯರೂ ಬೇಲಿ ಕಟ್ಟಿ ಕಾಯುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಮರಿಗಳು ಕಡಲಿಗಿಳಿಯುತ್ತವೆ. ಕೂರ್ಮನ ಮೇಲಿನ ಭಕ್ತಿಗೆ ಅದಕ್ಕಿಂತ ಯೋಗ್ಯ ಸೇವೆ ಯಾವುದು?

ಆನೆಗುಡ್ಡೆಗೆ ತುಲಾಭಾರದ ಹರಕೆ ಹೊತ್ತವರು ಅದನ್ನು ತೀರಿಸದೆ ಬಿಡುವುದಿಲ್ಲ. ಹೊರುವ ಮೊದಲು ತಮ್ಮಿಂದ ಆದೀತೇ ಎಂದೂ ಯೋಚಿಸುತ್ತಾರೆ. ಜೀವವನ್ನು ಮನೆಗೆ ತರುವುದೂ ಅಂಥದೇ ಹರಕೆ. ಅದು ಎಷ್ಟು ಬೆಳೆಯುತ್ತದೆ, ಎಷ್ಟು ವರ್ಷ ಬಾಳುತ್ತದೆ, ನಮ್ಮ ಬಾವಿಯ ನೀರು ಅದಕ್ಕೆ ಒಗ್ಗುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ತಿಳಿದ ಮೇಲೆ ತರಬೇಕು. ಉತ್ತರ ಭಾರವೆನಿಸಿದರೆ ತರದಿರುವುದೂ ಧರ್ಮವೇ. ಇದನ್ನು ಒಬ್ಬೊಬ್ಬರ ಮನಸ್ಸಿಗೇ ಬಿಟ್ಟರೆ ಸಾಲದು. ಮೀನು, ಆಮೆ ಮಾರುವ ಅಂಗಡಿಗಳು ಪ್ರತಿ ತೊಟ್ಟಿಯ ಮೇಲೂ ಆ ಜೀವಿಯ ಪೂರ್ಣ ಬೆಳವಣಿಗೆಯ ಅಳತೆ ಮತ್ತು ಆಯುಸ್ಸನ್ನು ಕನ್ನಡದಲ್ಲಿ ಬರೆದಿಡಲಿ. ದೇವಸ್ಥಾನಗಳ ಆಡಳಿತ ಮಂಡಳಿಗಳು ಸಾಕಿದ ಮೀನು, ಆಮೆಗಳನ್ನು ಕೆರೆಗೆ ಬಿಡಬೇಡಿ ಎಂಬ ಫಲಕವನ್ನು ಕೆರೆಯ ಮೆಟ್ಟಿಲ ಬಳಿ ಹಾಕಿಸಲಿ.